ವಿರೂಪಾಕ್ಷನ ಒಪ್ಪ

ವಿಜಯನಗರದ ಅರಸರ ತಾಮ್ರಶಾಸನವೊಂದನ್ನು ಕೈಗೆತ್ತಿಕೊಂಡವರಿಗೆ ಮೊದಲು ತಿಳಿಯುವುದು ಅದರ ತೂಕ. ಹಲಗೆಗಳನ್ನೆಲ್ಲ ಪೋಣಿಸಿದ ಬಳೆ, ಬಳೆಯ ಮೇಲೆ ವರಾಹದ ಮುದ್ರೆ, ಒಳಗಿನ ಅಕ್ಷರಗಳು ಒಂದಕ್ಕೊಂದು ಉಜ್ಜಿ ಸವೆಯದಂತೆ ತುಸು ಎತ್ತರಿಸಿದ ಅಂಚು, ಆ ಅಂಚಿನೊಳಗೆ ನಂದಿನಾಗರಿ ಲಿಪಿಯಲ್ಲಿ ಒತ್ತೊತ್ತಾಗಿ ಕೊರೆದ ಸಂಸ್ಕೃತ ಶ್ಲೋಕಗಳು: ಬಾಣಭಟ್ಟನ ಹರ್ಷಚರಿತದ ಆರಂಭದಿಂದ ತೆಗೆದುಕೊಂಡ ಶಂಭುಸ್ತುತಿ, ಭೂಮಿಯನ್ನೆತ್ತಿದ ವರಾಹನಿಗೂ ವಿಘ್ನನಿವಾರಕನಿಗೂ ನಮಸ್ಕಾರ, ಚಂದ್ರನಿಂದ ಮೊದಲಾಗಿ ಇಳಿದುಬರುವ ವಂಶಾವಳಿ, ಆಳುವ ಅರಸನ ಪ್ರಶಸ್ತಿ, ಶಕವರ್ಷ ಸಂವತ್ಸರ ಮಾಸ ತಿಥಿಗಳು, ಕೊಟ್ಟ ಗ್ರಾಮದ ಚತುಸ್ಸೀಮೆ, ವೃತ್ತಿವಂತರ ಗೋತ್ರಸೂತ್ರಗಳ ಪಟ್ಟಿ, ರಚಿಸಿದ ಕವಿಯ ಹೆಸರು, ಕೊರೆದ ಆಚಾರಿಯ ಹೆಸರು, ದತ್ತಿಗೆ ಅಳುಪಿದವರಿಗೆ ಶಾಪ. ಇಷ್ಟೆಲ್ಲ ಮುಗಿದ ಮೇಲೆ, ಕಟ್ಟಕಡೆಯಲ್ಲಿ, ಅದುವರೆಗಿನ ಲಿಪಿಯನ್ನೂ ಬಿಟ್ಟು, ದೊಡ್ಡ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂದು ಬರೆದಿರುತ್ತದೆ. ಅದು ರಾಯರ ಒಪ್ಪ. ದಾನ ಪಡೆದವನು ತಮಿಳುನಾಡಿನವನಾಗಿರಲಿ, ತೆಲುಗು ಸೀಮೆಯವನಾಗಿರಲಿ, ಒಪ್ಪ ಮಾತ್ರ ಕನ್ನಡದ್ದು. ಮತ್ತು ಆ ಒಪ್ಪದಲ್ಲಿ ಅರಸನ ಹೆಸರಿಲ್ಲ.

ರಾಜ್ಯ ದೇವರದು, ಅರಸನು ಆತನ ಪರವಾಗಿ ಆಳತಕ್ಕವನು ಎಂಬ ಭಾವನೆಯನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳುವುದು ಕಷ್ಟ. ಆದರೆ ಹಾಗೆ ಒಪ್ಪಿಕೊಂಡ ಕ್ಷಣದಲ್ಲಿಯೇ ಒಂದು ತೊಡಕು ಹುಟ್ಟಿಕೊಳ್ಳುತ್ತದೆ. ಜನಾಂಗಗಳ ಏಳುಬೀಳುಗಳೆಲ್ಲ ಪರಮೇಶ್ವರನ ಸಂಕಲ್ಪದಂತೆಯೇ ನಡೆಯತಕ್ಕವಾದರೆ, ಯುದ್ಧಕ್ಕೆ ಹೊರಟವನ, ಕೆರೆ ಕಟ್ಟಿಸಿದವನ, ಸಿಂಹಾಸನವನ್ನು ಕಸಿದುಕೊಂಡವನ ಇಚ್ಛೆಗೆ ಬೆಲೆಯೇನು, ಆತನ ತಪ್ಪಿಗೆ ಹೊಣೆ ಯಾರು? ಈ ಪ್ರಶ್ನೆಯನ್ನು ಕುರಿತು ಮತಾಚಾರ್ಯರು ಬರೆದ ಗ್ರಂಥಗಳಿಗೆ ಲೆಕ್ಕವಿಲ್ಲ. ಆದರೆ ದೇವರ ಹೆಸರಿನಲ್ಲಿ ನಿಜವಾಗಿ ರಾಜ್ಯಭಾರ ಮಾಡಿದವರು ಅದನ್ನು ಹೇಗೆ ನಿಭಾಯಿಸಿದರೆಂಬುದು ಗ್ರಂಥಗಳಿಗಿಂತ ಹೆಚ್ಚಾಗಿ ಶಿಲೆಯಲ್ಲಿಯೂ ತಾಮ್ರದಲ್ಲಿಯೂ ಉಳಿದಿದೆ.

ಕನ್ನಡಿಗರಿಗೆ ಈ ಒಪ್ಪದ ಪದ್ಧತಿ ಅಪರಿಚಿತವಾಗಿ ತೋರಬೇಕಾಗಿಲ್ಲ. ವಿಜಯನಗರ ಸ್ಥಾಪನೆಗೆ ಸುಮಾರು ಎರಡು ಶತಮಾನಗಳ ಮುನ್ನವೇ ನಮ್ಮ ಶರಣರು ತಮ್ಮ ವಚನಗಳ ಕೊನೆಗೆ ಸ್ವನಾಮವನ್ನಿಡದೆ ಇಷ್ಟದೈವದ ಹೆಸರನ್ನಿಟ್ಟಿದ್ದರು; ಹಂಪೆಯಲ್ಲಿಯೇ ಬಾಳಿದ ಕವಿ ಹರಿಹರನು ವಿರೂಪಾಕ್ಷನ ಹೊರತು ನರರನ್ನು ಕೊಂಡಾಡೆನೆಂದು ಹಟ ಹಿಡಿದವನು. ಕೂಡಲಸಂಗಮದೇವನ ಅಂಕಿತವಿದ್ದರೂ ವಚನ ಬಸವಣ್ಣನವರದೇ ಎಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಅಂಕಿತದಿಂದ ಕರ್ತೃವು ಮರೆಯಾಗಲಿಲ್ಲ, ತನ್ನ ಮಾತಿಗೆ ಯಾರ ಮುಂದೆ ಉತ್ತರ ಹೇಳಬೇಕೆಂಬುದನ್ನು ಆತನು ಬಹಿರಂಗಪಡಿಸಿದನು, ಅಷ್ಟೆ. ವಿಜಯನಗರವನ್ನು ಸ್ಥಾಪಿಸಿದ ಸಂಗಮನ ಮಕ್ಕಳಾದ ಹರಿಹರ ಬುಕ್ಕರು ಕವಿಗಳ ಈ ವಿನಯವನ್ನು ರಾಜಪತ್ರಕ್ಕೆ ತಂದರೆಂದು ಹೇಳಲು ನನಗೆ ಆಧಾರವಿಲ್ಲ. ಆದರೆ ಒಂದೇ ನೆಲದಲ್ಲಿ ಒಂದೇ ಬಗೆಯ ಮನೋಧರ್ಮ ಎರಡು ಕಡೆ ಕಾಣಿಸಿಕೊಂಡುದು ಕೇವಲ ಕಾಕತಾಳೀಯವೆನ್ನಲು ಮನಸ್ಸೊಪ್ಪುವುದಿಲ್ಲ.

ಹರಿಹರ ಬುಕ್ಕರಿಗೆ ದೈವದ ನೆರಳು ರಾಜಕೀಯವಾಗಿಯೂ ಆವಶ್ಯಕವಾಗಿದ್ದಿತು. ಅವರ ವಂಶ ಹಳೆಯ ಅರಸುಮನೆತನವಲ್ಲ; ದೇವಗಿರಿ, ಓರುಗಲ್ಲು, ಕಂಪಿಲಿ, ದೋರಸಮುದ್ರಗಳು ಒಂದಾದ ಮೇಲೊಂದು ಕುಸಿದ ಆ ದಿನಗಳಲ್ಲಿ ಜನ ನಂಬಬಹುದಾದ ಸಿಂಹಾಸನವೇ ಉಳಿದಿರಲಿಲ್ಲ. ಆದರೆ ಪಂಪಾಕ್ಷೇತ್ರವಿದ್ದಿತು. ತುಂಗಭದ್ರೆಯ ದಡದ ಆ ತೀರ್ಥವೂ, ಪಂಪಾದೇವಿಯ ಪತಿಯಾದ ವಿರೂಪಾಕ್ಷನೂ ಸಂಗಮರು ಹುಟ್ಟುವುದಕ್ಕೆ ಶತಮಾನಗಳ ಹಿಂದಿನಿಂದಲೂ ಅಲ್ಲಿದ್ದರು. ಹೊಸ ಅರಸನು ಹಳೆಯ ದೇವರ ಹೆಸರಿನಲ್ಲಿ ಒಪ್ಪ ಹಾಕಿದಾಗ ಆತನ ಹೊಸತನ ಯಾರ ಕಣ್ಣಿಗೂ ಬೀಳಲಿಲ್ಲ. ಇದರಲ್ಲಿ ಭಕ್ತಿಯಿರಲಿಲ್ಲವೆಂದು ವಾದಿಸುವುದು ಅನ್ಯಾಯ; ಭಕ್ತಿಯ ಹೊರತು ಮತ್ತೇನೂ ಇರಲಿಲ್ಲವೆಂಬುದು ಮುಗ್ಧತೆ.

ಈ ದೇವಪ್ರಭುತ್ವ ವ್ಯವಹಾರದಲ್ಲಿ ಹೇಗಿದ್ದಿತೆಂಬುದಕ್ಕೆ ಶ್ರವಣಬೆಳಗೊಳದಲ್ಲಿರುವ 1368ರ ಶಿಲಾಶಾಸನಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಹುಟ್ಟಿ, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಯಹ ಮೊದಲಾದ ಕಡೆಗಳ ಜೈನರು ತಮಗಾದ ಅನ್ಯಾಯವನ್ನು ಬುಕ್ಕರಾಯನಲ್ಲಿ ಬಿನ್ನಹ ಮಾಡಿದರು. ರಾಯನು ಉಭಯಪಕ್ಷದವರನ್ನೂ ಕರೆಯಿಸಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿರಿಸಿ, ವೈಷ್ಣವದರ್ಶನಕ್ಕೂ ಜೈನದರ್ಶನಕ್ಕೂ ಭೇದವಿಲ್ಲವೆಂದು ಸಾರಿ, ಜೈನರಿಗೆ ಹಿಂದಿನಂತೆ ಪಂಚಮಹಾವಾದ್ಯವೂ ಕಲಶವೂ ಸಲ್ಲಬೇಕೆಂದು, ಆ ದರ್ಶನಕ್ಕೆ ಆಗುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಭಾವಿಸಬೇಕೆಂದು ಕಟ್ಟುಮಾಡಿದನು. ಕಟ್ಟಳೆ ಅಷ್ಟಕ್ಕೇ ನಿಲ್ಲುವುದಿಲ್ಲ. ಜೈನರು ಮನೆಮನೆಗೆ ವರ್ಷಕ್ಕೊಂದು ಹಣದಂತೆ ಕೊಡತಕ್ಕದ್ದು. ತಿರುಮಲೆಯ ತಾತಯ್ಯನು ಅದನ್ನು ಎತ್ತಿ ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನಿಡತಕ್ಕದ್ದು. ಮಿಕ್ಕ ಹೊನ್ನಿನಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದು. ಜಿನದೇವನ ಕಾವಲಿಗೆ ವೈಷ್ಣವನ ಮೇಲ್ವಿಚಾರಣೆ! ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ, ಸಂಘಸಮುದಾಯಗಳಿಗೆ ದ್ರೋಹಿ ಎಂದೂ ಬರೆದಿದೆ.

ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಜೈನರು ಜಗತ್ಕರ್ತನಾದ ಈಶ್ವರನನ್ನು ಒಪ್ಪತಕ್ಕವರಲ್ಲ. ಅವರ ಮತದಲ್ಲಿ ಜೀವನು ತಾನು ಮಾಡಿದ ಕರ್ಮದ ಫಲವನ್ನು ತಾನೇ ಉಣ್ಣುವನಲ್ಲದೆ ಅದನ್ನು ಹಂಚುವ ಮೇಲಿನ ಒಡೆಯನೊಬ್ಬನಿಲ್ಲ. ವಿರೂಪಾಕ್ಷನ ಒಪ್ಪ ಹಾಕುವ ಅರಸುಮನೆತನ, ವಿರೂಪಾಕ್ಷನ ಒಡೆತನವನ್ನೇ ಒಪ್ಪದ ದರ್ಶನಕ್ಕೆ ಕಾವಲಿಟ್ಟಿತು. ದೇವರು ನಾಡಿಗೆ ಒಡೆಯನೆಂಬುದರಿಂದ ಪ್ರಜೆಯ ನಂಬಿಕೆಯ ಮೇಲೆ ಅರಸನಿಗೆ ಒಡೆತನ ಬರುವುದಿಲ್ಲವೆಂದು ಬುಕ್ಕನು ತಿಳಿದಿದ್ದನೋ, ಇಲ್ಲವೆ ಗಡಿಯಲ್ಲಿ ಬಹಮನಿ ಸುಲ್ತಾನನಿರುವಾಗ ಒಳಜಗಳ ಬೇಡವೆಂದಷ್ಟೇ ಎಣಿಸಿದನೋ, ಎರಡೂ ಇದ್ದಿರಬಹುದು. ತೀರ್ಪು ಮಾತ್ರ ಮನುಷ್ಯನದು. ದೈವಾಜ್ಞೆಯಾಯಿತೆಂದಾಗಲಿ, ಕನಸಿನಲ್ಲಿ ಸ್ವಾಮಿ ಹೇಳಿದನೆಂದಾಗಲಿ ಅಲ್ಲಿ ಒಂದು ಮಾತಿಲ್ಲ. ಕೈ ಹಿಡಿದು ಕೈಯಲ್ಲಿಟ್ಟ ಅರಸನೊಬ್ಬನಿದ್ದಾನೆ, ಮನೆಗೊಂದು ಹಣದ ಲೆಕ್ಕವಿದೆ.

ರಾಜಧಾನಿಯ ಅರಮನೆಯೊಳಗೆ ಇಚ್ಛೆಗಳ ಹೋರಾಟ ಎಂದೂ ನಿಂತುದಿಲ್ಲ. 1485ರ ಸುಮಾರಿಗೆ ಸಾಳುವ ನರಸಿಂಹನು ಸಂಗಮರ ಕೊನೆಯ ಅರಸನನ್ನು ಹೊರಗಟ್ಟಿ ಗದ್ದುಗೆಯೇರಿದನು. ಇಪ್ಪತ್ತು ವರ್ಷ ತುಂಬುವುದರೊಳಗೆ ತುಳುವರು ಸಾಳುವರನ್ನು ಕದಲಿಸಿದರು. ಸಂಗಮರು ಹಾಕುತ್ತಿದ್ದ ಒಪ್ಪವನ್ನೇ ತುಳುವರೂ ಹಾಕಿದರು. ಕಸಿದುಕೊಂಡವನ ಪತ್ರಕ್ಕೂ ಪಿತ್ರಾರ್ಜಿತವಾಗಿ ಪಡೆದವನ ಪತ್ರಕ್ಕೂ ಕೆಳಗಿನ ಹೆಸರು ಒಂದೇ ಆಗಿರಲು, ದತ್ತಿ ಪಡೆದ ಬ್ರಾಹ್ಮಣನಿಗಾಗಲಿ ದೇವಾಲಯಕ್ಕಾಗಲಿ ಹೆದರಿಕೆಯಿಲ್ಲ: ಕೊಟ್ಟವನ ವಂಶ ಅಳಿದರೂ ಒಪ್ಪ ಹಾಕಿದವನು ಅಳಿಯತಕ್ಕವನಲ್ಲ. ಇದು ಈ ಪದ್ಧತಿಯ ದೊಡ್ಡ ಪ್ರಯೋಜನ. ಹಾಗೆಯೇ ಇದು ಅದರ ದೊಡ್ಡ ದೌರ್ಬಲ್ಯವೂ ಹೌದು. ಸಿಂಹಾಸನವನ್ನು ಹೇಗೆ ಗಳಿಸಿದೆಯೆಂದು ಆ ಹೆಸರು ಯಾರನ್ನೂ ಕೇಳಲಿಲ್ಲ.

ಆ ಆಸ್ಥಾನದಲ್ಲಿ ದೈವಸಂಕಲ್ಪಕ್ಕೂ ಮನುಷ್ಯನ ಇಚ್ಛೆಗೂ ನಡುವಿನ ಈ ತೊಡಕನ್ನು ತರ್ಕದಿಂದ ಬಿಡಿಸಬಲ್ಲವರು ಇಲ್ಲದಿರಲಿಲ್ಲ. ಬಾದರಾಯಣರ ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನ ಕರ್ತೃತ್ವದ ವಿಚಾರ ಬರುತ್ತದೆ. ಜೀವನು ಕರ್ತೃವೇ ಅಹುದು. ಆದರೆ ಆ ಕರ್ತೃತ್ವ ಪರಮಾತ್ಮನಿಂದ ಬಂದುದು. ಹಾಗೆಂದು ಪರಮಾತ್ಮನು ಮನಬಂದಂತೆ ಮಾಡಿಸುವವನಲ್ಲ, ಜೀವನು ಮಾಡಿದ ಪ್ರಯತ್ನವನ್ನು ನೋಡಿಯೇ ಮಾಡಿಸುತ್ತಾನೆ, ಇಲ್ಲವಾದರೆ ಇದನ್ನು ಮಾಡು ಇದನ್ನು ಮಾಡಬೇಡವೆಂಬ ಶಾಸ್ತ್ರದ ವಿಧಿನಿಷೇಧಗಳೆಲ್ಲ ವ್ಯರ್ಥವಾದಾವೆಂಬುದು ಅಲ್ಲಿನ ನಿರ್ಣಯ. ನಮ್ಮ ತುಳುನಾಡಿನ ಮಧ್ವಾಚಾರ್ಯರು ಸಮಸ್ತ ತತ್ತ್ವವನ್ನೂ ಸ್ವತಂತ್ರವೆಂದೂ ಅಸ್ವತಂತ್ರವೆಂದೂ ಎರಡಾಗಿ ಒಡೆದು, ವಿಷ್ಣುವೊಬ್ಬನೇ ಸ್ವತಂತ್ರನೆಂದರು. ಆದರೂ ಜೀವನನ್ನು ಅವರು ಮರದ ಗೊಂಬೆಯಾಗಿಸಲಿಲ್ಲ. ಆತನಿಗಿರುವುದು ದತ್ತಸ್ವಾತಂತ್ರ್ಯ, ಕೊಟ್ಟವನು ಬೇರೆಯಾದರೂ ಬಳಸುವವನು ತಾನೇ. ಆ ಪರಂಪರೆಯ ಮಹಾತಾರ್ಕಿಕರಾದ ವ್ಯಾಸತೀರ್ಥರು ಕೃಷ್ಣದೇವರಾಯನ ಗೌರವಕ್ಕೆ ಪಾತ್ರರಾಗಿ ವಿಜಯನಗರದಲ್ಲಿ ಬಾಳಿ, 1539ರಲ್ಲಿ ದೇಹವಿಟ್ಟರು. ಆನೆಗೊಂದಿಯ ಬಳಿ ಹೊಳೆಯ ನಡುಗಡ್ಡೆಯಲ್ಲಿ ಅವರ ಬೃಂದಾವನವಿದೆ. ಗೀತೆಯಲ್ಲಿ ಶ್ರೀಕೃಷ್ಣನೂ ಹದಿನೆಂಟು ಅಧ್ಯಾಯಗಳ ಉಪದೇಶವನ್ನು ಮುಗಿಸುವ ಹೊತ್ತಿಗೆ, ಎಲ್ಲವನ್ನೂ ವಿಮರ್ಶಿಸಿ ಇಷ್ಟವಿದ್ದಂತೆ ಮಾಡೆಂದು ಅರ್ಜುನನಿಗೇ ಬಿಟ್ಟನಲ್ಲವೆ?

ಕೃಷ್ಣದೇವರಾಯನ ನಡತೆಯಲ್ಲಿ ಈ ಎರಡು ಎಳೆಗಳೂ ಬಿಡಿಸಲಾಗದಂತೆ ಹೆಣೆದುಕೊಂಡಿವೆ. ಪಟ್ಟಾಭಿಷೇಕದ ಸಂದರ್ಭದಲ್ಲಿ ಆತನು ವಿರೂಪಾಕ್ಷನ ಗುಡಿಗೆ ರಂಗಮಂಟಪವನ್ನೂ ಗೋಪುರವನ್ನೂ ಕಟ್ಟಿಸಿ, ಮತ್ತೊಂದು ಗೋಪುರವನ್ನು ಜೀರ್ಣೋದ್ಧಾರ ಮಾಡಿಸಿ, ಸಿಂಗನಾಯಕನಹಳ್ಳಿಯನ್ನು ದತ್ತಿ ಬಿಟ್ಟುದನ್ನು 1510ರ ಶಾಸನ ಅಲ್ಲಿಯೇ ನಿಂತು ಹೇಳುತ್ತಿದೆ. ಆತನ ಹೃದಯವೆಲ್ಲ ತಿರುಪತಿಯ ವೇಂಕಟೇಶ್ವರನಲ್ಲಿದ್ದಿತು. ಏಳು ಬಾರಿ ಆ ಬೆಟ್ಟವನ್ನೇರಿದವನು ಆತ. ಆದರೂ ರಾಜಪತ್ರದಲ್ಲಿ ಒಪ್ಪ ವಿರೂಪಾಕ್ಷನದೇ. ಇಷ್ಟದೈವ ಬೇರೆ, ರಾಜ್ಯದ ದೈವ ಬೇರೆ ಎಂಬ ಈ ವಿವೇಕ ಸಾಮಾನ್ಯವಾದುದಲ್ಲ. ಆತನು ತೆಲುಗಿನಲ್ಲಿ ರಚಿಸಿದ ಆಮುಕ್ತಮಾಲ್ಯದದ ರಾಜನೀತಿಯ ಭಾಗವನ್ನು ನೋಡಿದರಂತೂ, ಎಲ್ಲವೂ ದೇವರ ಇಚ್ಛೆಯೆಂದು ಕೈಕಟ್ಟಿ ಕುಳಿತವನ ಮಾತೆಂದು ಯಾರೂ ಹೇಳಲಾರರು. ದುರ್ಗಗಳನ್ನು ಬ್ರಾಹ್ಮಣರ ವಶದಲ್ಲಿಡಬೇಕು, ಬಂದರುಗಳನ್ನು ಊರ್ಜಿತಗೊಳಿಸಬೇಕು, ಆನೆ ಕುದುರೆಗಳನ್ನು ತರುವ ದೂರದೇಶದ ವರ್ತಕರಿಗೆ ದರ್ಶನವನ್ನೂ ಉಡುಗೊರೆಯನ್ನೂ ಕೊಟ್ಟು, ಅವು ಶತ್ರುಗಳ ಪಾಲಾಗದಂತೆ ನೋಡಿಕೊಳ್ಳಬೇಕು. ಇದು ಬೆಲೆಯನ್ನು ಬಲ್ಲವನ ಭಕ್ತಿ.

ಆದರೆ ಇದೇ ಅರಸನ ಕಾಲದ ಇನ್ನೊಂದು ಘಟನೆಯನ್ನು ಮುಚ್ಚಿಡುವುದು ತರವಲ್ಲ. ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸನು 1520ರ ಸುಮಾರಿನಲ್ಲಿ ಬಂದಾಗ, ರಾಯನು ಈಗಿನ ಹೊಸಪೇಟೆಯ ಕಡೆ ಎರಡು ಗುಡ್ಡಗಳ ನಡುವೆ ಮಹತ್ತರವಾದ ಕೆರೆಯೊಂದನ್ನು ಕಟ್ಟಿಸುತ್ತಿದ್ದನು. ಹದಿನೈದು ಇಪ್ಪತ್ತು ಸಾವಿರ ಆಳುಗಳು, ನೆಲವೇ ಕಾಣದಂತೆ, ಇರುವೆಗಳ ಹಾಗೆ ಮುತ್ತಿ ದುಡಿಯುತ್ತಿದ್ದುದನ್ನು ಆತನು ಕಣ್ಣಾರೆ ಕಂಡನು. ಏರಿ ಎರಡು ಮೂರು ಬಾರಿ ಒಡೆದುಹೋಯಿತಂತೆ. ಕಾರಣವೇನೆಂದು ರಾಯನು ಬ್ರಾಹ್ಮಣರನ್ನು ಕೇಳಲು, ದೇವರು ಅಪ್ರಸನ್ನನಾಗಿದ್ದಾನೆ, ನರರನ್ನೂ ಕುದುರೆಗಳನ್ನೂ ಕೋಣಗಳನ್ನೂ ಬೇಡುತ್ತಿದ್ದಾನೆ ಎಂದರು. ರಾಯನು ಗುಡಿಯ ಬಾಗಿಲಲ್ಲಿ ಅರುವತ್ತು ಜನರ ತಲೆ ಹೊಡೆಸಿದನೆಂದು ಪಾಯೆಸ್ ಬರೆದಿದ್ದಾನೆ. ಕೆಲವು ವರ್ಷಗಳ ಬಳಿಕ ಬಂದ ನೂನಿಜ್‌ನ ಬರಹದಲ್ಲಿ, ಬಲಿಯಾದವರು ಮರಣದಂಡನೆಗೆ ಅರ್ಹರಾಗಿದ್ದ ಸೆರೆಯಾಳುಗಳೆಂದಿದೆ. ಜೊತೆಗೆ, ಆ ಕೆಲಸಕ್ಕೆಂದು ಜೊವಾವ್ ಡಿ ಲಾ ಪೊಂಟೆ ಎಂಬ ಪರಂಗಿ ಶಿಲ್ಪಿಯನ್ನು ಕರೆಯಿಸಿಕೊಂಡಿದ್ದ ಸಂಗತಿಯೂ ಇದೆ. ಒಂದು ಕೈಯಲ್ಲಿ ದೇಶಾಂತರದ ಶಿಲ್ಪಿ, ಇನ್ನೊಂದು ಕೈಯಲ್ಲಿ ಬಲಿಯ ಖಡ್ಗ. ದೇವರ ಮನಸ್ಸನ್ನು ಬಲ್ಲೆವೆಂದು ಹೇಳಿದವರು ಯಾರೋ, ಅದಕ್ಕೆ ಬೆಲೆ ತೆತ್ತವರು ಯಾರೋ. ದೈವಸಂಕಲ್ಪದ ಹೆಸರಿನಲ್ಲಿ ಮನುಷ್ಯನು ತನ್ನ ಇಚ್ಛೆಯನ್ನು ಬಳಸಿದ ಸಂದರ್ಭಗಳಲ್ಲಿ ಇದು ಅತ್ಯಂತ ಕಠೋರವಾದುದು, ಮತ್ತು ಅದರ ಹೊಣೆಯನ್ನು ಯಾವ ದೇವರ ಮೇಲೆಯೂ ಹೊರಿಸಲಾಗದು. ಕೆರೆಯಲ್ಲಿ ನೀರು ನಿಂತಿತು, ಕೆಳಗೆ ಗದ್ದೆ ತೋಟಗಳಾದುವು ಎಂಬುದರಿಂದ ಆ ಲೆಕ್ಕ ಸಂದಾಯವಾಗಲಿಲ್ಲ.

ಇಬ್ಬರು ದೇವರ ರಾಜ್ಯಗಳು ಪರಸ್ಪರ ಕಾದಿದಾಗ ಏನಾಗುತ್ತದೆಂಬ ಕುತೂಹಲಕ್ಕೂ ಈ ಆಳಿಕೆಯಲ್ಲಿಯೇ ಉತ್ತರವಿದೆ. ಒಡಿಶಾದ ಗಂಗವಂಶದ ಮೂರನೆಯ ಅನಂಗಭೀಮನು 1230ರ ಸುಮಾರಿನಿಂದ, ರಾಜ್ಯ ಪುರಿಯ ಪುರುಷೋತ್ತಮನದು, ತಾನು ಆತನ ರಾವುತನೆಂದು ಸಾರಿಕೊಂಡಿದ್ದನು. ಆ ನಾಡಿಗೆ ಮುಂದೆ ಒಡೆಯರಾದ ಗಜಪತಿಗಳು ರಥಯಾತ್ರೆಯಲ್ಲಿ ಪೊರಕೆ ಹಿಡಿದು ಜಗನ್ನಾಥನ ತೇರನ್ನು ಗುಡಿಸುವ ಸೇವಕರೆಂದು ಹೆಮ್ಮೆಪಟ್ಟವರು. ಜಗನ್ನಾಥನ ಸೇವಕನಾದ ಪ್ರತಾಪರುದ್ರ ಗಜಪತಿಯ ಉದಯಗಿರಿ ದುರ್ಗವನ್ನು ವಿರೂಪಾಕ್ಷನ ಒಪ್ಪ ಹಾಕುವ ಕೃಷ್ಣದೇವರಾಯನು ಬಹುಕಾಲ ಮುತ್ತಿ, 1514ರಲ್ಲಿ ಹಿಡಿದನು. ಅಲ್ಲಿನ ಬಾಲಕೃಷ್ಣನ ವಿಗ್ರಹವನ್ನು ತಂದು, ರಾಜಧಾನಿಯಲ್ಲಿ ಅದಕ್ಕೆಂದೇ ದೇವಾಲಯವನ್ನು ಕಟ್ಟಿಸಿ, 1515ರಲ್ಲಿ ಪ್ರತಿಷ್ಠೆ ಮಾಡಿಸಿದನು. ಸೋತ ಅರಸನ ಊರಿನ ದೇವರು ಗೆದ್ದವನ ಊರಿನಲ್ಲಿ ಪೂಜೆ ಪಡೆದನು, ಗಜಪತಿಯ ಮಗಳು ರಾಯನ ರಾಣಿಯಾದಳು, ಕೃಷ್ಣಾನದಿ ಎಲ್ಲೆಯಾಯಿತು. ಯಾವ ದೇವರು ಯಾವ ದೇವರನ್ನು ಗೆದ್ದನೆಂದು ಕೇಳುವುದೇ ಅಸಂಬದ್ಧ. ಇಬ್ಬರು ಅರಸರು ಕಾದಿದರು, ಒಬ್ಬನು ಹೆಚ್ಚು ದಿನ ಮುತ್ತಿಗೆಯಲ್ಲಿ ನಿಂತನು.

ಈ ಒಪ್ಪದ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ತೋರುವುದು ಸದಾಶಿವರಾಯನ ಅಧ್ಯಾಯ. ಸದಾಶಿವನು ಹೆಸರಿಗೆ ಅರಸ. ಆಳಿದವನು ಅಳಿಯ ರಾಮರಾಯ. 1567ರಲ್ಲಿ ಹಾಳುಬಿದ್ದ ನಗರದಲ್ಲಿ ಏಳು ತಿಂಗಳಿದ್ದ ವೆನಿಸಿನ ವರ್ತಕ ಸೀಸರ್ ಫೆಡರಿಕನು, ರಾಮರಾಯನೂ ಆತನ ತಮ್ಮಂದಿರೂ ಅರಸನನ್ನು ಸೆರೆಯಲ್ಲಿಟ್ಟು ವರ್ಷಕ್ಕೊಮ್ಮೆ ಪ್ರಜೆಗಳಿಗೆ ತೋರಿಸುತ್ತಿದ್ದರೆಂದು ಬರೆದಿದ್ದಾನೆ. ಈ ಸೆರೆಯರಸನ ಹೆಸರಿನಲ್ಲಿ 1556ರಲ್ಲಿ ಹೊರಟ, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ತಾಮ್ರಪಟಗಳು ಶ್ರೀಪೆರುಂಬುದೂರಿನ ರಾಮಾನುಜಾಚಾರ್ಯರ ಸನ್ನಿಧಿಗೆ 31 ಗ್ರಾಮಗಳನ್ನು ಕೊಡುತ್ತವೆ. ಕೊಂಡರಾಜನೆಂಬ ಸಾಮಂತನು ರಾಮರಾಯನಿಗೆ ಬಿನ್ನಹ ಮಾಡಿದನು, ರಾಮರಾಯನು ಸದಾಶಿವನಿಗೆ ಬಿನ್ನಹ ಮಾಡಿದನು, ಸದಾಶಿವನು ಧಾರೆಯೆರೆದನು, ಕೊನೆಗೆ ಶ್ರೀ ವಿರೂಪಾಕ್ಷನ ಒಪ್ಪ. ವಿಶಿಷ್ಟಾದ್ವೈತದ ಆಚಾರ್ಯರ ಸನ್ನಿಧಿಗೆ ಶಿವನ ಹೆಸರಿನಲ್ಲಿ ದತ್ತಿ! ಮೇಲಿನಿಂದ ಎಣಿಸಿದರೆ ದೇವರು ದೊರೆ, ಸದಾಶಿವನು ಆತನ ಪ್ರತಿನಿಧಿ, ರಾಮರಾಯನು ಪ್ರತಿನಿಧಿಯ ವಿಧೇಯ ಮಂತ್ರಿ. ಕೆಳಗಿನಿಂದ ಎಣಿಸಿದರೆ, ಇಚ್ಛೆಯೆಂಬುದು ನಿಜವಾಗಿ ಇದ್ದುದು ರಾಮರಾಯನೊಬ್ಬನಲ್ಲಿ. ಅವನ ಮೇಲಿನವರಿಬ್ಬರೂ ಮಾತನಾಡದವರು.

ಆ ಇಚ್ಛೆಯ ಫಲ 1565ರ ಜನವರಿಯಲ್ಲಿ ರಕ್ಕಸಗಿ ತಂಗಡಗಿಗಳ ಬಯಲಿನಲ್ಲಿ ಕಂಡುಬಂದಿತು. ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತ ಇಪ್ಪತ್ತು ವರ್ಷ ಗೆದ್ದವನು, ಅವರೆಲ್ಲ ಒಂದಾದ ದಿನ, ಮುಪ್ಪಿನಲ್ಲಿ, ರಣಾಂಗಣದಲ್ಲಿ ಸಿಕ್ಕಿಬಿದ್ದು ತಲೆಯನ್ನು ಕಳೆದುಕೊಂಡನು. ರಾಮರಾಯನ ಸೇನೆಯಲ್ಲಿದ್ದ ಇಬ್ಬರು ಮುಸಲ್ಮಾನ ದಳಪತಿಗಳು ಯುದ್ಧದ ನಡುವೆ ಪಕ್ಷ ಬದಲಿಸಿದುದೇ ಸೋಲಿಗೆ ಕಾರಣವೆಂದು ಫೆಡರಿಕನು ಕೇಳಿದ್ದನು. ಇದನ್ನು ದೈವದ ಮುನಿಸೆಂದು ವಿವರಿಸುವವರು ಅಂದೂ ಇದ್ದಿರಬೇಕು, ಇಂದೂ ಇದ್ದಾರೆ. ರಾಮರಾಯನ ರಾಜತಂತ್ರ, ನಾಲ್ವರು ಸುಲ್ತಾನರ ಒಡಂಬಡಿಕೆ, ರಣದ ಮೇಲಿನ ಫಿತೂರಿ, ಕಾವಲಿಲ್ಲದೆ ಬಿಟ್ಟುಹೋದ ರಾಜಧಾನಿ: ಇಷ್ಟು ಮನುಷ್ಯಕೃತವಾದ ಕಾರಣಗಳು ಕಣ್ಣೆದುರಿಗಿರುವಾಗ ಆಕಾಶವನ್ನು ನೋಡುವ ಆವಶ್ಯಕತೆ ನನಗೆ ಕಾಣುವುದಿಲ್ಲ. ಅರಮನೆಗಳು ಬೆಂದುವು, ವಿಠಲನ ಗುಡಿ ಭಗ್ನವಾಯಿತು. ವಿರೂಪಾಕ್ಷನ ಗುಡಿ ಉಳಿದು, ಅಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ. ಒಡೆಯನು ತನ್ನ ಊರಿನಲ್ಲಿಯೇ ಉಳಿದನು, ಪ್ರತಿನಿಧಿಗಳು ಓಡಿಹೋದರು. ಪೆನುಗೊಂಡೆಗೆ, ಅಲ್ಲಿಂದ ಚಂದ್ರಗಿರಿಗೆ, ಮುಂದೆ ವೆಲ್ಲೂರಿಗೆ ಸರಿದ ಆರವೀಡು ಅರಸರಲ್ಲಿ ಎರಡನೆಯ ವೆಂಕಟಪತಿಯ ಕಾಲಕ್ಕೆ ಪತ್ರಗಳ ಕೊನೆಯ ಹೆಸರು ‘ಶ್ರೀ ವೇಂಕಟೇಶ’ ಎಂದಾಗಿಬಿಟ್ಟಿತು. ತಿರುಪತಿಯ ಬೆಟ್ಟ ಹತ್ತಿರವಿದ್ದಿತು, ಹಂಪೆ ದೂರವಾಯಿತು. ರಾಜ್ಯದ ನಿತ್ಯಸ್ವಾಮಿ ಯಾರಾಗಬೇಕೆಂಬುದನ್ನೂ ಹೀಗೆ ಆತನ ಸೇವಕರೇ ನಿರ್ಧರಿಸಿದರು.

ಇಂತಹುದೇ ಕಥೆ ಇನ್ನೂ ಕೆಲವೆಡೆ ನಡೆದಿದೆ. ಮೇವಾಡದ ರಾಣರು ಏಕಲಿಂಗನ ದಿವಾನರೆನಿಸಿಕೊಂಡರು. ತಿರುವಾಂಕೂರಿನ ಮಾರ್ತಾಂಡವರ್ಮನು ಒಳಗಿನ ಪ್ರಭುಗಳನ್ನು ನಿರ್ದಯನಾಗಿ ಅಡಗಿಸಿ, 1741ರಲ್ಲಿ ಕೊಳಚ್ಚಲಿನಲ್ಲಿ ಡಚ್ಚರನ್ನು ಸೋಲಿಸಿ, ನೆರೆಯ ಸಂಸ್ಥಾನಗಳನ್ನು ನುಂಗಿ, ಎಲ್ಲವೂ ಕೈವಶವಾದ ಮೇಲೆ 1750ರಲ್ಲಿ ಖಡ್ಗವನ್ನು ಪದ್ಮನಾಭನ ಮುಂದಿಟ್ಟು, ರಾಜ್ಯವನ್ನು ಆತನಿಗೆ ಧಾರೆಯೆರೆದು, ಪದ್ಮನಾಭದಾಸನಾಗಿ ಅದನ್ನೇ ಮರಳಿ ಕೈಗೆತ್ತಿಕೊಂಡನು. ಇಚ್ಛೆಯೆಲ್ಲ ನೆರವೇರಿದ ತರುವಾಯದ ಶರಣಾಗತಿ ಇದು. ಅಂದಿನಿಂದ ಅರಸನ ಮೇಲೆ ಏಳುವುದು ದೇವದ್ರೋಹವಾಯಿತು. ಆ ದೇವರ ರಾಜ್ಯದ ಗಡಿಯ ಮೇಲೆ 1789ರ ಡಿಸೆಂಬರಿನಲ್ಲಿ ನುಗ್ಗಿದವನು ನಮ್ಮ ಟಿಪ್ಪು ಸುಲ್ತಾನ. ಆತನೂ ತನ್ನ ರಾಜ್ಯವನ್ನು ದೇವರು ಕೊಟ್ಟ ಸರ್ಕಾರವೆಂಬರ್ಥದ ‘ಸರ್ಕಾರ್-ಎ-ಖುದಾದಾದ್’ ಎಂದು ಕರೆದುಕೊಂಡವನು. ಅದೇ ಟಿಪ್ಪು ಎರಡು ವರ್ಷಗಳೊಳಗೆ, ಮರಾಠರ ಕಡೆಯವರು ಶೃಂಗೇರಿಯನ್ನು ಕೊಳ್ಳೆಹೊಡೆದ ಬಳಿಕ, ರಾಜ್ಯದ ಶ್ರೇಯಸ್ಸಿಗಾಗಿ ಸಹಸ್ರಚಂಡೀಜಪ ಮಾಡಿಸಬೇಕೆಂದು ಜಗದ್ಗುರುಗಳಿಗೆ ಕನ್ನಡದಲ್ಲಿ ಕಾಗದ ಬರೆದನು. ದೇವರು ಕೊಟ್ಟುದನ್ನು ಉಳಿಸಿಕೊಳ್ಳಲು ಆತನು ಜಪವನ್ನೂ ಬಿಡಲಿಲ್ಲ, ಫಿರಂಗಿಯನ್ನೂ ಬಿಡಲಿಲ್ಲ.

ದೇವರ ಹೆಸರಿನಲ್ಲಿ ಆಳಿದವರು ಮನುಷ್ಯನ ಸ್ವಾತಂತ್ರ್ಯವನ್ನು ಎಷ್ಟರಮಟ್ಟಿಗೆ ನಂಬಿದ್ದರೆಂಬುದಕ್ಕೆ ಸಾಕ್ಷಿ ಒಪ್ಪಕ್ಕಿಂತ ಮೇಲಿನ ಸಾಲುಗಳಲ್ಲಿದೆ. ಅವೇ ಶಾಪಾಶಯದ ಶ್ಲೋಕಗಳು. ತಾನು ಕೊಟ್ಟುದಾಗಲಿ ಪರರು ಕೊಟ್ಟುದಾಗಲಿ ಭೂಮಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುವನು; ದಾನ ಮಾಡಿದುದಕ್ಕಿಂತ ಪರದತ್ತವನ್ನು ಪಾಲಿಸಿದುದಕ್ಕೆ ಇಮ್ಮಡಿ ಪುಣ್ಯ; ಮುಂದೆ ಹುಟ್ಟಲಿರುವ ಅರಸರನ್ನೆಲ್ಲ ಶ್ರೀರಾಮಚಂದ್ರನು ಮತ್ತೆ ಮತ್ತೆ ಯಾಚಿಸುತ್ತಿದ್ದಾನೆ, ಈ ಧರ್ಮಸೇತುವನ್ನು ನೀವು ಕಾಪಾಡಬೇಕೆಂದು. ಕನ್ನಡದ ಶಿಲಾಶಾಸನಗಳು ಗಂಗೆಯ ತಡಿಯಲ್ಲಿ, ವಾರಣಾಸಿಯಲ್ಲಿ, ಸಾವಿರ ಕವಿಲೆಗಳನ್ನು ಕೊಂದ ಪಾಪವನ್ನೂ ಸೇರಿಸುತ್ತವೆ. ದೇವರ ಆಜ್ಞೆ ತನ್ನಷ್ಟಕ್ಕೆ ತಾನೇ ನಡೆದುಹೋಗುವಂತಿದ್ದರೆ ಇಷ್ಟು ಬೆದರಿಕೆಯೇಕೆ, ಯಾಚನೆಯೇಕೆ? ವಿರೂಪಾಕ್ಷನ ಹೆಸರಿನಲ್ಲಿ ಬರೆದುದನ್ನೂ ನಾಳೆಯ ಮನುಷ್ಯನು ಮೀರಬಲ್ಲನೆಂದು ಅವರು ಬಲ್ಲರು. ಮೀರದಿರಲೂ ಬಲ್ಲನೆಂದು ನಂಬಿ ಬೇಡಿಕೊಂಡರು. ವಿಧಿನಿಷೇಧಗಳು ವ್ಯರ್ಥವಾಗಬಾರದೆಂಬ ಬಾದರಾಯಣರ ಯುಕ್ತಿಯನ್ನೇ, ತರ್ಕವನ್ನೋದದ ಗೌಡ ಶಾನುಭೋಗರಿಗೂ ಅರ್ಥವಾಗುವಂತೆ, ಆಚಾರಿಯ ಉಳಿ ಊರೂರಿನಲ್ಲಿ ಕೊರೆದಿಟ್ಟಿತು.

ಬಿ. ಎಲ್. ರೈಸ್ ಸಾಹೇಬರು ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡು ಸಂಪುಟಗಳಲ್ಲಿ ನಮ್ಮ ಶಾಸನಗಳನ್ನು ಇಂಗ್ಲಿಷಿಗೆ ತಿರುಗಿಸಿದಾಗ, ಪ್ರತಿಸಲವೂ ಬರುವ ಈ ಭಾಗವನ್ನು ಕೊನೆಯ ಶ್ಲೋಕಗಳು ಎಂದಿನಂತೆಯೇ ಎಂದು ಕಂಸದೊಳಗೆ ಒಂದೇ ಮಾತಿನಲ್ಲಿ ಮುಗಿಸಿದ್ದುಂಟು. ಸಾವಿರಾರು ಶಾಸನಗಳನ್ನು ಹೊರತಂದವರಿಗೆ ಅದು ಸಹಜವಾದ ಉಪಾಯ, ತಪ್ಪೆಣಿಸುವಂತಿಲ್ಲ. ಆದರೆ ಊರ ಗುಡಿಯ ಮುಂದೆ ನಿಂತಿರುವ ಕಲ್ಲನ್ನು ಓದಲು ಕಲಿತ ನಮ್ಮ ತರುಣರು ಅರಸನ ಬಿರುದುಗಳನ್ನೂ ತೇದಿಯನ್ನೂ ಬರೆದುಕೊಂಡ ಮಾತ್ರಕ್ಕೆ ಎದ್ದುಬರಬಾರದು. ಮಣ್ಣಿನಲ್ಲಿ ಹೂತುಹೋಗಿರುವ ಕೆಳಗಿನ ನಾಲ್ಕು ಸಾಲುಗಳನ್ನು ತೊಳೆದು, ಅವನ್ನೂ ಪೂರ್ತಿಯಾಗಿ ಓದಬೇಕು.